ಉಳಿದ ಒಂದು ಪಾತಿ

ಬೀದಿಯವರೆಲ್ಲ ಅವಳನ್ನು ಜೈಲಮ್ಮ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹೆಂಗಸರ ಜೈಲಿನ ಅಡುಗೆಮನೆಯಲ್ಲಿ ಹರೆಯದಿಂದ ನಿವೃತ್ತಿಯವರೆಗೆ ಬೇಯಿಸಿ ಹಾಕಿದವಳು. ಅಲ್ಲಿಯ ಹಂಡೆಗಳು ಅವಳ ಎದೆಮಟ್ಟ ಬರುತ್ತಿದ್ದವು, ತಿರುವುವ ಹುಟ್ಟು ಅವಳಿಗಿಂತ ಉದ್ದ. ತರಕಾರಿ ಹೆಚ್ಚುವ ಚಾಕುಗಳನ್ನು ಸರಪಳಿಯಿಂದ ಮೇಜಿಗೆ ಬಿಗಿದಿರುತ್ತಿದ್ದರು. ಸಂಜೆ ಬೀಗ ಹಾಕುವ ಮೊದಲು ಅವನ್ನು ವಾರ್ಡನ್ ಎದುರಿಗೆ ಎಣಿಸಿ ಒಪ್ಪಿಸಬೇಕಿತ್ತು. ಹೊಗೆ ಎಳೆಯುವ ಫ್ಯಾನಿನ ಸದ್ದಿನ ಮೇಲೆ ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ನಿವೃತ್ತಿಯಾದ ಮೇಲೂ ನಿಂತೇ ಉಣ್ಣುತ್ತಿದ್ದಳು. ಬಾಗಿಲಿಗೆ ಬೆನ್ನು ಕೊಟ್ಟು ಎಲ್ಲೂ ಕೂರುತ್ತಿರಲಿಲ್ಲ. ಮದುವೆ ಮಕ್ಕಳು ಏನೂ ಇಲ್ಲದ ಒಂಟಿ ಜೀವ. ಆದರೂ ಒಲೆ ಹಚ್ಚಿದರೆ ಎಂಟು ಜನಕ್ಕಾಗುವಷ್ಟು ಬೆಂದಿರುತ್ತಿತ್ತು. ಉಳಿದದ್ದನ್ನು ನೆರೆಮನೆಗೆ ಕೊಡುವ ಪೈಕಿ ಅವಳಲ್ಲ. ಮುಗಿಯುವವರೆಗೂ ಅದನ್ನೇ ಬಿಸಿ ಮಾಡಿಕೊಂಡು, ತಟ್ಟೆಯನ್ನು ದುರುಗುಟ್ಟಿ ನೋಡುತ್ತ ತಿನ್ನುತ್ತಿದ್ದಳು.

ಅವಳಿಗೆ ಒಬ್ಬ ಅಣ್ಣ. ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಟ್ಟರೆ ಹಾರಿಹೋಗುವಂಥ ಸ್ಕ್ರೂಗಳ ನಡುವೆ ಕೂತು ಕೂತು, ಮನುಷ್ಯರ ಮುಂದೆಯೂ ಉಸಿರು ಬಿಗಿಹಿಡಿದೇ ಇರುತ್ತಿದ್ದ. ಯಾರಿಗೂ ಎದುರಾಡಿದವನಲ್ಲ. ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಗಡಿಯಾರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಹೊಲಿಗೆಯಂತ್ರ. ಜೈಲಮ್ಮನಿಗೆ ಅವಳು ಅತ್ತಿಗೆ. ಆದರೆ ಅತ್ತಿಗೆ ಎಂಬ ಮಾತು ಜೈಲಮ್ಮನ ಬಾಯಿಂದ ಬಿದ್ದು ಎಷ್ಟೋ ವರ್ಷವಾಗಿತ್ತು. ಅಣ್ಣನ ಹತ್ತಿರ ಮಾತಾಡುವಾಗ "ನಿನ್ನ ಹೆಂಡತಿ" ಎನ್ನುತ್ತಿದ್ದಳು. ಅತ್ತ ಕಡೆಯಿಂದಲೂ ಅಷ್ಟೇ, "ನಿಮ್ಮ ತಂಗಿ."

ಹಗೆ ಹುಟ್ಟಿದ್ದು ಅಮ್ಮ ತೀರಿಹೋದ ದಿನ. ಮುದುಕಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಮಗನ ಮನೆಯಲ್ಲಿ ಮಲಗಿದ್ದಳು. ಉಣಿಸಿದ್ದು, ತೊಳೆದದ್ದು, ಮಗ್ಗುಲು ಬದಲಾಯಿಸಿದ್ದು ಎಲ್ಲ ಸೊಸೆ. ಮಗಳು ಜೈಲಿನಲ್ಲಿ ರಜೆ ಸಿಕ್ಕಾಗ ಬಂದು ಮುಖ ತೋರಿಸಿ ಹೋಗುತ್ತಿದ್ದಳು. ಬೇಸಗೆಯ ಒಂದು ಬೆಳಗಿನ ಜಾವ ಮುದುಕಿಯ ಉಸಿರು ನಿಂತಿತು. ಜೈಲಿಗೆ ಸುದ್ದಿ ಮುಟ್ಟಿದಾಗ ಅಲ್ಲಿ ಯಾವಳೋ ಕೈದಿ ಕಾಣೆಯಾಗಿದ್ದಾಳೆಂದು ಗೇಟು ಮುಚ್ಚಿಬಿಟ್ಟಿದ್ದರು. ಒಳಗಿದ್ದವರು ಒಳಗೇ. ಸಂಜೆ ಗೇಟು ತೆರೆದ ಮೇಲೆ ಅವಳು ಅಡುಗೆಯ ಏಪ್ರನ್ ಕೂಡ ಬಿಚ್ಚದೆ ಸಮಾಧಿಗೆ ಓಡಿಬಂದಳು. ಅಷ್ಟು ಹೊತ್ತಿಗೆ ಗುಂಡಿ ಮುಚ್ಚಿ ಆಗಿತ್ತು. ಹಸಿಮಣ್ಣಿನ ಮುಂದೆ ನಿಂತು ಅವಳು ಕೂಗಿದ್ದು ಅತ್ತಿಗೆಯ ಮೇಲೆ.

"ನಿನ್ನ ಕೈಲಿ ಸಂಜೆತನಕ ಕಾಯೋಕಾಗಲಿಲ್ವಾ? ಪೀಡೆ ತೊಲಗಿತು ಅಂತ ಅಷ್ಟು ಅವಸರಾನಾ ನಿನಗೆ?"

"ಜೈಲಿನವರಿಗೆ ಬೇಯಿಸಿ ಹಾಕೋಕೆ ನಿನಗೆ ಪುರುಸೊತ್ತಿತ್ತು," ಎಂದಿದ್ದಳು ಅತ್ತಿಗೆ. "ಹೆತ್ತವಳಿಗೆ ಒಂದು ತುತ್ತು ಉಣಿಸೋಕೆ ಇರಲಿಲ್ಲ. ಈಗ ಮಣ್ಣಿನ ಮುಂದೆ ನಿಂತು ಬಾಯಿ ಮಾಡಬೇಡ."

ಅಣ್ಣ ನಡುವೆ ನಿಂತು ನೆಲ ನೋಡುತ್ತಿದ್ದ. ಅಷ್ಟೇ. ಆಮೇಲೆ ಆ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಆಡಬೇಕಾಗಿ ಬಂದದ್ದನ್ನೆಲ್ಲ ಅವನ ಮೂಲಕ ಆಡಿದರು. ಅವನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಮಾತು ಹೊತ್ತ. ಹೊರುವಾಗ ಅದರ ಮುಳ್ಳನ್ನು ಒಂದಿಷ್ಟು ಮುರಿದು ಕೊಡುತ್ತಿದ್ದ. ಮುಟ್ಟಿಸಿಕೊಂಡವರಿಗೆ ಮುರಿದದ್ದು ತಿಳಿಯುತ್ತಿತ್ತು, ಮತ್ತೂ ಸಿಟ್ಟು ಬರುತ್ತಿತ್ತು.

ಚರ್ಚಿಗೆ ಮೂವರೂ ಹೋಗುತ್ತಿದ್ದರು. ಜೈಲಮ್ಮ ಎಡಗಡೆಯ ಕೊನೆಯ ಬೆಂಚಿನಲ್ಲಿ, ಗೋಡೆಗೆ ಒರಗಿ. ಅತ್ತಿಗೆ ಬಲಗಡೆ, ಮುಂದೆ. ಆ ಚರ್ಚಿನಲ್ಲಿ ಉಳಿದವರೂ ಇವರಿಗಿಂತ ಬಹಳ ಬೇರೆಯಾಗಿರಲಿಲ್ಲ. ಬರುವರು, ಹಾಡುವರು, ಕೊನೆಯ ಆಶೀರ್ವಾದ ಮುಗಿಯುವ ಮೊದಲೇ ಚಪ್ಪಲಿ ಹುಡುಕುವರು. ಒಬ್ಬರ ಮನೆಯ ಕಷ್ಟ ಇನ್ನೊಬ್ಬರಿಗೆ ತಿಳಿಯುತ್ತಿದ್ದದ್ದು ಸಾವಿನ ಗಂಟೆ ಹೊಡೆದಾಗ ಮಾತ್ರ.

ಅಂಥಲ್ಲಿಗೆ ಹೊಸ ಪಾಸ್ಟರ್ ಬಂದರು. ಸಣ್ಣ ವಯಸ್ಸು, ಸಣ್ಣ ದನಿ, ಮಾತಾಡುವಾಗ ಅಂಗೈ ಉಜ್ಜಿಕೊಳ್ಳುವ ಚಾಳಿ. ಬಂದ ಕೆಲವೇ ವಾರಗಳಲ್ಲಿ, ಭಾನುವಾರದ ಪ್ರವಚನ ಮುಗಿಸಿ, ಚರ್ಚಿನ ಹಿಂದಿನ ಖಾಲಿ ಜಾಗದ ಮಾತು ಎತ್ತಿದರು. ಮುರಿದ ಬೆಂಚು, ಒಡೆದ ಹೆಂಚು, ಮೊಣಕಾಲುದ್ದ ಕಳೆ ತುಂಬಿದ ಜಾಗ ಅದು.

"ನಾವು ಒಂದೇ ಹಾಡು ಹಾಡ್ತೀವಿ. ಆದರೆ ಪಕ್ಕದಲ್ಲಿ ನಿಂತವರು ಇವತ್ತು ಬೆಳಿಗ್ಗೆ ತಿಂದು ಬಂದರೋ ಇಲ್ಲವೋ ನಮಗೆ ಗೊತ್ತಿಲ್ಲ. ಹಿಂದಿನ ಜಾಗ ಅಗೆದು, ಪಾತಿ ಮಾಡಿ ಹಂಚಿಕೊಳ್ಳೋಣ. ಚರ್ಚಿನ ಸಭೆಯವರಿಗೆ, ಬೀದಿಯವರಿಗೆ, ಯಾರು ಕೇಳ್ತಾರೋ ಅವರಿಗೆ. ಬೆಳೆದದ್ದನ್ನ ಭಾನುವಾರ ಒಂದೇ ಹಂಡೆಯಲ್ಲಿ ಬೇಯಿಸಿ ಎಲ್ಲರೂ ಕೂತು ತಿನ್ನೋಣ."

ಸಭೆಯ ಕಾರ್ಯದರ್ಶಿ ಕೂಡಲೇ ಎದ್ದು ನಿಂತರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಆ ಜಾಗಕ್ಕೆ ಕಾಂಕ್ರೀಟ್ ಹಾಕಿಸಿ ಕಾರು ನಿಲ್ಲಿಸಲು ಅನುಕೂಲ ಮಾಡಬೇಕೆಂದು ಬಹಳ ಕಾಲದಿಂದ ಹೇಳುತ್ತಿದ್ದವರು. "ಇದೇನು ದೇವರ ಮನೆಯೋ ತರಕಾರಿ ಮಂಡಿಯೋ? ಬೀದೀಲಿ ಹೋಗೋರನ್ನೆಲ್ಲ ಒಳಗೆ ಬಿಟ್ಟುಕೊಂಡರೆ ನಾಳೆ ಬೆಂಚೂ ಉಳಿಯಲ್ಲ."

ಜೈಲಮ್ಮನಿಗೂ ಈ ಯೋಜನೆ ಸ್ವಲ್ಪವೂ ಹಿಡಿಸಲಿಲ್ಲ. ಬದುಕಿಡೀ ಗುಂಪಿಗೆ ಬೇಯಿಸಿದವಳಿಗೆ ಗುಂಪೆಂದರೆ ಏನೆಂದು ಗೊತ್ತಿತ್ತು: ತಟ್ಟೆ ಮುಂದೆ ಚಾಚುವ ಕೈಗಳು, ಇದು ಸಾಲದು, ಅದು ಬೆಂದಿಲ್ಲ. ಎದ್ದು ಹೋಗುವವಳಿದ್ದಳು. ಅಷ್ಟರಲ್ಲಿ ಅತ್ತಿಗೆ ಪಾಸ್ಟರ ಬಳಿ ಹೋಗಿ ತನಗೊಂದು ಪಾತಿ ಬೇಕೆಂದು ಹೆಸರು ಕೊಡುವುದು ಕಂಡಿತು. ಜೈಲಮ್ಮ ನೆಟ್ಟಗೆ ನಡೆದು ಅವಳ ಬೆನ್ನಿಗೇ ಹೋಗಿ ನಿಂತಳು.

"ನನಗೂ ಒಂದು."

ಪಾಸ್ಟರ್ ಹೆಸರು ಬಂದ ಕ್ರಮದಲ್ಲೇ ಪಾತಿ ಹಂಚಿದರು. ಹೀಗೆ ಬೀದಿಯ ಎರಡು ತುದಿಯಲ್ಲಿ ವಾಸವಾಗಿದ್ದ ಇಬ್ಬರಿಗೆ ಅಕ್ಕಪಕ್ಕದ ನೆಲ ಬಂತು. ನಡುವೆ ಒಂದು ಪಾದ ಇಡುವಷ್ಟು ದಾರಿ.

ಅಗೆಯುವ ಕೆಲಸ ಶುರುವಾದ ದಿನದಿಂದಲೇ ಯುದ್ಧ. ಅಣ್ಣ ಅಂಗಡಿ ಮುಚ್ಚಿ ಬಂದು ಆ ಸಣ್ಣ ದಾರಿಯ ತುದಿಯಲ್ಲಿ ಒಂದು ಮರದ ಸ್ಟೂಲು ಹಾಕಿ ಕೂರಬೇಕಾಯಿತು, ಇಬ್ಬರಿಗೂ ಮಾತು ದಾಟಿಸಲು.

"ರೀ, ನಿಮ್ಮ ತಂಗಿಗೆ ಹೇಳಿ. ಅವಳ ಕುಂಬಳದ ಬಳ್ಳಿ ನನ್ನ ಪಾತಿಗೆ ಕಾಲು ಚಾಚ್ತಾ ಇದೆ."

"ಅಣ್ಣಾ, ಬಳ್ಳಿಗೆ ಕಣ್ಣಿಲ್ಲ, ಗಡಿ ಗೊತ್ತಾಗಲ್ಲ ಅಂತ ಹೇಳು ನಿನ್ನ ಹೆಂಡತಿಗೆ. ಕಣ್ಣಿರೋರು ಸ್ವಲ್ಪ ಸರಿದು ಕೂತರೆ ಆಯ್ತು."

ಇಬ್ಬರ ನಡುವೆ ಒಂದು ತೋಳಿನ ಅಂತರವೂ ಇರಲಿಲ್ಲ. ಆದರೂ ಅವನು ಒಂದು ಕಡೆ ತಿರುಗಿ ಹೇಳುವನು, ಇನ್ನೊಂದು ಕಡೆ ತಿರುಗಿ ಹೇಳುವನು. ಒಂದು ದಿನ ಅತ್ತಿಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು, ತನ್ನ ಕಡೆಗೆ ಬಂದಿದ್ದ ಬಳ್ಳಿಯ ತುದಿಯನ್ನು ಹೂವು ಸಮೇತ ಕಚಕ್ಕನೆ ಕತ್ತರಿಸಿ ಈಚೆ ಎಸೆದಳು. ಮಾರನೆಯ ದಿನ ಮಧ್ಯಾಹ್ನ, ಎಲ್ಲರೂ ಅಲ್ಲೇ ಇರುವಾಗ, ಅತ್ತಿಗೆ ಎದುರಿಗೇ ನಿಂತಿರುವಾಗ, ಜೈಲಮ್ಮ ನಲ್ಲಿಯ ಪೈಪನ್ನು ಎಳೆದು ತಂದು ಅವಳ ಮೂಲಂಗಿ ಪಾತಿಗೆ ಬಿಟ್ಟಳು. ಆಗತಾನೇ ಮೊಳೆತ ಎಲೆಗಳೆಲ್ಲ ಕೆಸರಿನಲ್ಲಿ ತೇಲಿದವು. ಪೈಪು ಹಿಡಿದುಕೊಂಡೇ ಅತ್ತಿಗೆಯ ಕಣ್ಣಿನಲ್ಲಿ ಕಣ್ಣಿಟ್ಟು ನಿಂತಿದ್ದಳು. ಪಾಸ್ಟರ್ ಓಡಿಬಂದು ನಲ್ಲಿ ತಿರುಗಿಸಿದರು.

ವಿಚಿತ್ರವೆಂದರೆ, ಈ ಜಗಳ ನೋಡಲು ಜನ ಬರತೊಡಗಿದರು. ಬಂದವರು ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಒಂದು ಗುದ್ದಲಿ ಹಿಡಿದರು. ಚರ್ಚಿನ ಮೆಟ್ಟಿಲು ಎಂದೂ ಹತ್ತದ ಪಂಕ್ಚರ್ ಅಂಗಡಿಯವನು ಒಂದು ಪಾತಿ ಕೇಳಿ ಪಡೆದು ಬದನೆ ನೆಟ್ಟ. ಕಣ್ಣು ಮಂಜಾದ ಟೀಚರಮ್ಮ ಕೊತ್ತಂಬರಿ ಹಾಕಿದರು. ಬೀದಿಯ ಮೂಲೆಯಲ್ಲಿ ಮೂವರು ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆಗಿದ್ದ ಆಸ್ಪತ್ರೆಯ ಆಯಾ ಎಲೆಕೋಸು ಹಾಕಿದಳು. ಇವರಲ್ಲೂ ಎರಡು ಪಕ್ಷ. ಜೈಲಮ್ಮನದೇ ತಪ್ಪು ಎನ್ನುವವರು ಬಹಳ, ಅತ್ತಿಗೆಯೂ ಕಡಿಮೆಯವಳಲ್ಲ ಎನ್ನುವವರು ಸ್ವಲ್ಪ. ವಾದ ಮಾಡುತ್ತ ಮಾಡುತ್ತ ಒಬ್ಬರ ಮನೆ ಸಂಗತಿ ಇನ್ನೊಬ್ಬರಿಗೆ ತಿಳಿಯಿತು. ಆಯಾಳ ಮನೆಯಲ್ಲಿ ವಾರದ ಕೊನೆಗೆ ಒಲೆ ಹಚ್ಚುವುದಿಲ್ಲವೆಂದು ಪಂಕ್ಚರ್ ಅಂಗಡಿಯವನಿಗೆ ಗೊತ್ತಾದದ್ದೂ ಹಾಗೆಯೇ.

ಪಾತಿಯ ಎಳೆಸೊಪ್ಪಿಗೆ ಮನೆಮನೆಯಿಂದ ತಂದ ತರಕಾರಿ ಸೇರಿಸಿ ಮಾಡಿದ ಮೊದಲ ಭಾನುವಾರದ ಊಟಕ್ಕೆ ದೊಡ್ಡ ಹಂಡೆಯ ಅಡುಗೆ ಗೊತ್ತಿದ್ದವಳು ಜೈಲಮ್ಮ ಒಬ್ಬಳೇ. ಚರ್ಚಿನ ಅಡುಗೆಮನೆಗೆ ಕಾಲಿಟ್ಟವಳೇ ಚಾಕುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿಸಿದಳು.

"ಹೆಚ್ಚಿ ಮುಗಿದ ಮೇಲೆ ಎಲ್ಲ ಇಲ್ಲಿಗೇ ವಾಪಸ್ ಬರಬೇಕು. ಎಣಿಸಿ ಆದಮೇಲೇ ಮನೆಗೆ ಹೋಗೋದು."

ಹೆಂಗಸರ ಮುಖ ಕಪ್ಪಿಟ್ಟಿತು. "ನಾವೇನು ಕೈದಿಗಳಾ?" ಎಂದಳು ಒಬ್ಬಳು.

"ಅವರಾದ್ರೆ ಈರುಳ್ಳೀನ ನಿಮಗಿಂತ ಸಣ್ಣಗೆ ಹೆಚ್ತಿದ್ರು," ಎಂದಳು ಜೈಲಮ್ಮ.

ಒಂದು ಕಡೆ ಇವಳು ತರಕಾರಿ ಬೇಯಿಸುತ್ತಿದ್ದರೆ, ಇನ್ನೊಂದು ಕಡೆ ಅತ್ತಿಗೆ ಸೊಪ್ಪು ಸೋಸುತ್ತಿದ್ದಳು. ಜೈಲಮ್ಮ ನೀರು ತರಲು ಹೊರಗೆ ಹೋಗಿ ಬಂದಾಗ ಅತ್ತಿಗೆ ಹಂಡೆಯ ಹತ್ತಿರ ಇದ್ದಳು. "ಅಣ್ಣಾ, ಉಪ್ಪು ಹಾಕಿದಳಾ ಕೇಳು ನಿನ್ನ ಹೆಂಡತೀನ." ಬಾಗಿಲಲ್ಲಿ ನಿಂತಿದ್ದ ಅಣ್ಣ ಹೆಂಡತಿಯ ಕಡೆ ತಿರುಗಲೂ ಇಲ್ಲ. "ಇಲ್ಲ," ಎಂದುಬಿಟ್ಟ. ಅವಳು ಹಿಡಿ ತುಂಬ ಹಾಕಿದಳು. ಅತ್ತಿಗೆ ಆಗಲೇ ಹಾಕಿದ್ದಳು. ಅಂದಿನ ಊಟ ಯಾರ ಬಾಯಿಗೂ ಸೇರದಂತಾಯಿತು. ಪಾಸ್ಟರ್ ಮುಖ ಕಿವಿಚದೆ ಇಡೀ ತಟ್ಟೆ ತಿಂದು ಮುಗಿಸಿದರು. ಅವರನ್ನು ನೋಡಿ ಉಳಿದವರೂ ಬ್ರೆಡ್ಡಿನ ಚೂರು ಅದ್ದಿಕೊಂಡು, ಲೋಟಗಟ್ಟಲೆ ನೀರು ಕುಡಿದು, ಇಬ್ಬರನ್ನೂ ಶಪಿಸುತ್ತ ತಿಂದರು. ಮುಂದಿನ ಭಾನುವಾರ ಅದಕ್ಕಿಂತ ಹೆಚ್ಚು ಜನ ಬಂದರು.

ಬಳ್ಳಿಗಳು ಹಬ್ಬಿದವು, ಕಾಯಿ ಬಿಟ್ಟವು. ಎಲ್ಲ ಪಾತಿಯದೂ ಒಟ್ಟಿಗೆ ಕೊಯ್ದು ದೊಡ್ಡ ಊಟ ಮಾಡುವುದೆಂದು ಒಂದು ಭಾನುವಾರ ಗೊತ್ತುಮಾಡಿದರು. ಅದರ ಹಿಂದಿನ ದಿನ ಬೆಳಿಗ್ಗೆ ಜೈಲಮ್ಮ ಎಂದಿನಂತೆ ಎಲ್ಲರಿಗಿಂತ ಮೊದಲು ನೀರಿನ ಕ್ಯಾನು ಹಿಡಿದು ಬಂದಳು. ಗೇಟು ದಾಟಿದವಳು ಅಲ್ಲೇ ನಿಂತಳು.

ಪಾತಿಗಳೆಲ್ಲ ಹಾಳಾಗಿದ್ದವು. ಟೊಮೆಟೊ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ಎಲೆಕೋಸುಗಳನ್ನು ತುಳಿದು ಜಜ್ಜಲಾಗಿತ್ತು. ಬದನೆ, ಹುರುಳಿಕಾಯಿ, ಕೊತ್ತಂಬರಿ ಒಂದನ್ನೂ ಬಿಟ್ಟಿರಲಿಲ್ಲ. ಅತ್ತಿಗೆಯ ಪಾತಿಯಲ್ಲಂತೂ ಮಣ್ಣನ್ನೇ ಅಡಿಮೇಲು ಮಾಡಿದ್ದರು. ಹಾಗೇ ಇದ್ದದ್ದು ಒಂದೇ ಒಂದು ಪಾತಿ. ಅದರಲ್ಲಿ ಕುಂಬಳಕಾಯಿಗಳು ಎಲೆಯ ಮರೆಯಲ್ಲಿ ನೆಮ್ಮದಿಯಾಗಿ ಕೂತಿದ್ದವು. ಅದು ಅವಳದು.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಜೈಲಿನಲ್ಲಿ ಚಾಕು ಒಂದು ಕಡಿಮೆಯಾದ ಸಂಜೆ ಏಳುತ್ತಿದ್ದಂಥದ್ದೇ ಹೆದರಿಕೆ. ಯಾರು ಮಾಡಿದರೋ ಆಮೇಲಿನ ಮಾತು. ಯಾರ ತಲೆಗೆ ಕಟ್ಟುತ್ತಾರೆಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು. ವಾಪಸು ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಕ್ಯಾನು ಕೆಳಗಿಟ್ಟು ಆ ಹಾಳಿನ ನಡುವೆ ನಿಂತೇ ಇದ್ದಳು. ಜನ ಬಂದಾಗ ಕಂಡದ್ದು ಅದೇ.

ಆಯಾ ತನ್ನ ಎಲೆಕೋಸಿನ ಮುಂದೆ ಕುಸಿದು ಅಳತೊಡಗಿದಳು. ಪಂಕ್ಚರ್ ಅಂಗಡಿಯವನು ಮುರಿದ ಬದನೆಗಿಡ ಎತ್ತಿ ಜೈಲಮ್ಮನ ಕಾಲಬುಡಕ್ಕೆ ಎಸೆದ. "ಸಮಾಧಾನ ಆಯ್ತಾ?"

ಕಾರ್ಯದರ್ಶಿ ಪಾತಿಯಿಂದ ಪಾತಿಗೆ ನಡೆದು ನೋಡಿ ಬಂದರು. "ಜೈಲಿನಲ್ಲಿದ್ದು ಇದ್ದು ಇವರಿಗೂ ಅದೇ ಬುದ್ಧಿ ಬಂದಿದೆ. ನಾನು ಅವತ್ತೇ ಹೇಳಿದೆ."

"ಅಮ್ಮಾ, ನೀವು ಏನಾದರೂ..." ಎಂದು ಪಾಸ್ಟರ್ ಅಂಗೈ ಉಜ್ಜಿದರು.

"ನಾನೇ ಅಂತ ನಿಮಗೆಲ್ಲ ಆಗಲೇ ಗೊತ್ತಾಗಿದೆಯಲ್ಲ," ಎಂದಳು ಜೈಲಮ್ಮ. "ಮತ್ತೆ ನನ್ನನ್ನ ಯಾಕೆ ಕೇಳ್ತೀರಿ?"

ಅಲ್ಲ ಎನ್ನಲಿಲ್ಲ. ಇವರ ಮುಂದೆ ಅಲ್ಲ ಎನ್ನುವುದಕ್ಕಿಂತ ನಾಲಿಗೆ ಕಚ್ಚಿಕೊಂಡು ಸತ್ತರೆ ವಾಸಿ ಎನಿಸಿತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತು, ಹಿಂದಿನ ದಿನದ್ದನ್ನು ತಣ್ಣಗೇ ತಿಂದಳು. ತಟ್ಟೆ ಖಾಲಿಯಾಗುವವರೆಗೂ ತಿಂದಳು.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿದರು. ಕಾರ್ಯದರ್ಶಿಗೆ ಅಂದು ಒಳ್ಳೆಯ ಹುರುಪು. ಎರಡು ತೀರ್ಮಾನ ಆಗಬೇಕೆಂದರು: ಈ ಹೆಂಗಸನ್ನು ಚರ್ಚಿನ ಸಭೆಯಿಂದ ತೆಗೆಯುವುದು, ಹಿಂದಿನ ಜಾಗವನ್ನು ಸಮ ಮಾಡಿಸಿ ಕಾಂಕ್ರೀಟ್ ಹಾಕಿಸುವುದು. ಹಾಲಿನಲ್ಲಿದ್ದವರು ಮೊದಲನೆಯದಕ್ಕೆ ತಲೆಯಾಡಿಸಿದರು, ಎರಡನೆಯದಕ್ಕೆ ಸುಮ್ಮನಾದರು. ಜೈಲಮ್ಮ ಕೊನೆಯ ಗೋಡೆಯ ಬಳಿ ಕೈಕಟ್ಟಿ ನಿಂತಿದ್ದಳು. ಕೂರಲು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವಳು ಕೂರುತ್ತಿರಲಿಲ್ಲ.

"ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಎಂದು ಪಾಸ್ಟರ್ ಕೇಳಿದರು, ಯಾರಾದರೂ ಹೇಳಲಿ ಎಂಬ ಆಸೆಯಿಂದ.

ಮುಂದಿನ ಸಾಲಿನಿಂದ ಅತ್ತಿಗೆ ಎದ್ದಳು. ಇವಳದೇ ಕೊನೆಯ ಏಟು ಎಂದುಕೊಂಡರು ಎಲ್ಲರೂ. ಜೈಲಮ್ಮನೂ ಹಾಗೇ ಅಂದುಕೊಂಡು ಗಲ್ಲ ಎತ್ತಿ ನಿಂತಳು.

"ಇದು ಅವಳ ಕೆಲಸ ಅಲ್ಲ," ಎಂದಳು ಅತ್ತಿಗೆ.

"ನೀವು ನೋಡಿದಿರಾ?" ಎಂದರು ಕಾರ್ಯದರ್ಶಿ.

"ನೋಡೋದೇನು ಬಂತು? ನಿಮಗೆಲ್ಲ ಅವಳು ಇವತ್ತು ನಿನ್ನೆ ಕಂಡವಳು. ನಾನು ಅವಳನ್ನ ದ್ವೇಷ ಮಾಡೋಕೆ ಶುರು ಮಾಡಿ ತಲೆಕೂದಲು ಹಣ್ಣಾಯ್ತು. ಅವಳು ಹೇಗೆ ಕೆಡುಕು ಮಾಡ್ತಾಳೆ ಅಂತ ನನಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ. ನನ್ನ ಮೂಲಂಗಿ ಪಾತಿಗೆ ನೀರು ಬಿಟ್ಟಳಲ್ಲ, ಯಾವಾಗ ಬಿಟ್ಟಳು? ಮಟಮಟ ಮಧ್ಯಾಹ್ನ, ನನ್ನ ಮುಖ ನೋಡಿಕೊಂಡು. ನನ್ನ ಗಿಡ ಕೀಳೋದಾದರೆ ನಾನು ಬರೋತನಕ ಕಾದು, ನಾನು ನೋಡ್ತಾ ಇರುವಾಗ ಒಂದೊಂದೇ ಕೀಳ್ತಾಳೆ ಅವಳು. ಕದ್ದು ಬಂದು ಕಿತ್ತು ಹೋಗೋದು ಅವಳ ಜಾಯಮಾನ ಅಲ್ಲ. ಅಷ್ಟು ಹೆದರಿಕೆ ಅವಳಿಗಿದ್ದಿದ್ದರೆ ನನ್ನ ಬದುಕು ಸುಖವಾಗಿರ್ತಿತ್ತು."

ಯಾರೋ ಹಿಂದಿನಿಂದ ನಕ್ಕು, ತಕ್ಷಣ ಕೆಮ್ಮಿದರು. ಅತ್ತಿಗೆ ಮುಂದುವರಿಸಿದಳು. "ಆಯಾಳ ಎಲೆಕೋಸು ತುಳಿಯೋಕೆ ಅವಳಿಗೇನು ಹಗೆ? ಅವಳ ಹಗೆ ಎಲ್ಲ ನನಗೇ ಮೀಸಲು. ಬೇರೆಯವರಿಗೆ ಹಂಚೋಳಲ್ಲ."

ಜೈಲಮ್ಮನ ಕಟ್ಟಿದ ಕೈ ಸಡಿಲಾಯಿತು. ಬದುಕಿನಲ್ಲಿ ಯಾರೂ ತನ್ನ ಪರವಾಗಿ ಇಷ್ಟುದ್ದ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಆಡಿದವಳು ಇವಳೇ ಆಗಬೇಕೇ ಎಂದು ಮೈ ಉರಿಯಿತು.

"ಹಾಗಾದರೆ ಅವರ ಪಾತಿ ಮಾತ್ರ ಹೇಗೆ ಉಳಿಯಿತು?" ಕಾರ್ಯದರ್ಶಿ ಬಿಡಲಿಲ್ಲ. "ಸಾಕು, ಕೈ ಎತ್ತಿ. ಇವರನ್ನ ತೆಗೆಯೋಕೆ ಒಪ್ಪಿಗೆ ಇರೋರು..."

ಅಲ್ಲೊಂದು ಇಲ್ಲೊಂದು ಕೈ ಏಳತೊಡಗಿತು. ಆಗ ಅಣ್ಣ ಎದ್ದು ನಿಂತ.

"ಕಿತ್ತಿದ್ದು ನಾನು."

ಪಕ್ಕದವರಿಗೇ ಕೇಳಿಸದಷ್ಟು ಮೆಲ್ಲಗಿತ್ತು. ಮತ್ತೊಮ್ಮೆ ಹೇಳಬೇಕಾಯಿತು. "ನಾನೇ ಕಿತ್ತಿದ್ದು. ಎಲ್ಲಾನೂ. ಈ ತೋಟ ಒಂದು ಇಲ್ಲದೇ ಹೋದರೆ ಸಾಕು ಅನ್ನಿಸಿಬಿಟ್ಟಿತ್ತು. ಮೊದಲು ವಾರಕ್ಕೊಂದು ಸಲ ಇವಳ ಮಾತು ಅವಳಿಗೆ, ಅವಳ ಮಾತು ಇವಳಿಗೆ ಹೇಳ್ತಿದ್ದೆ. ತೋಟ ಆದಮೇಲೆ ದಿನಾ. ಅಂಗಡೀಲಿ ಕೂತರೆ ಕೈ ನಡುಗುತ್ತೆ, ಸ್ಕ್ರೂ ನಿಲ್ಲಲ್ಲ. ತಂಗೀದು ಕೀಳೋಕೆ ಹೋದಾಗ ಕೈ ಬರಲಿಲ್ಲ. ಅವಳಿಗೆ ಅದೊಂದೇ ಇರೋದು ಅನ್ನಿಸ್ತು. ಅದರಿಂದ ಅವಳ ಮೇಲೆ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲ."

ಹಾಲಿನಲ್ಲಿ ಗದ್ದಲವೆದ್ದಿತು. ಪಂಕ್ಚರ್ ಅಂಗಡಿಯವನು ಬೆಂಚು ದಾಟಿ ಮುಂದೆ ನುಗ್ಗಿದ; ಪಾಸ್ಟರ್ ಅಡ್ಡ ನಿಂತರು. ಜೈಲಮ್ಮ ಅದೊಂದನ್ನೂ ನೋಡಲಿಲ್ಲ. ಗೋಡೆ ಬಿಟ್ಟು ನಡೆದು ಬಂದು ಅತ್ತಿಗೆಯ ಎದುರು ನಿಂತಳು.

"ನಿನಗೆ ಗೊತ್ತಿತ್ತಾ?"

ಅಮ್ಮನ ಮಣ್ಣಿನ ಮುಂದೆ ಕೂಗಾಡಿದ ಮೇಲೆ ಅವಳು ಅತ್ತಿಗೆಗೆ ನೇರ ಆಡಿದ ಮೊದಲ ಮಾತು ಅದು.

"ಗೊತ್ತಿದ್ದರೆ ಇಷ್ಟು ಹೊತ್ತು ಅವರನ್ನ ನೆಟ್ಟಗೆ ನಿಲ್ಲೋಕೆ ಬಿಡ್ತಿದ್ದೆನಾ?" ಎಂದಳು ಅತ್ತಿಗೆ. ಅವಳ ಮುಖ ಬಿಳಿಚಿಕೊಂಡಿತ್ತು.

ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿದರು. ಅವನು ಬೆಂಚಿನ ಮೇಲೆ ಕುಸಿದು ಕೂತ.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಯಾರು ಕಿತ್ತರೇನು, ತೋಟ ಅಂತೂ ಮುಗೀತು. ಕಾಂಕ್ರೀಟಿನ ವಿಷಯ..."

"ನಿಮ್ಮ ಕಾರಿಗೆ ನನ್ನ ಎಲೆಕೋಸಿನ ಜಾಗ ಬೇಕಾ?" ಎಂದು ಆಯಾ ಕೂತಲ್ಲಿಂದಲೇ ಕೂಗಿದಳು. ಅಲ್ಲಿಯವರೆಗೆ ಜೈಲಮ್ಮನಿಗೆ ಬೀಳುತ್ತಿದ್ದ ಬೈಗುಳವೆಲ್ಲ ಒಮ್ಮೆಗೇ ಕಾರ್ಯದರ್ಶಿಯ ಕಡೆ ತಿರುಗಿತು. ಯಾರ ಮೇಲಾದರೂ ಸುರಿಯಲೇಬೇಕಿತ್ತು ಅದು. ಟೀಚರಮ್ಮನಂಥ ಟೀಚರಮ್ಮ ಊರುಗೋಲು ಬೆಂಚಿಗೆ ಕುಟ್ಟಿ, "ಕೂತ್ಕೊಳ್ರೀ ಸುಮ್ಮನೆ," ಎಂದರು. ಕಾರ್ಯದರ್ಶಿ ಕೂರಲಿಲ್ಲ, ಹೊರಟುಹೋದರು. ಪಾತಿ ಮತ್ತೆ ಅಗೆಯುವುದೆಂದು ಯಾರೂ ನಿರ್ಣಯ ಮಾಡಲಿಲ್ಲ. ಬೇಡವೆನ್ನುವವರು ಅಲ್ಲಿ ಉಳಿದಿರಲಿಲ್ಲ, ಅಷ್ಟೇ.

"ಇವತ್ತು ಊಟ ಇಲ್ಲ," ಎಂದರು ಪಾಸ್ಟರ್, ಬಳಲಿ. "ಬೇಯಿಸೋಕೆ ಏನೂ ಉಳಿದಿಲ್ಲ. ಎಲ್ಲರೂ ಮನೆಗೆ..."

"ಯಾರೂ ಹೋಗೋ ಹಾಗಿಲ್ಲ," ಎಂದಳು ಜೈಲಮ್ಮ. ಫ್ಯಾನಿನ ಸದ್ದಿನ ಮೇಲೆ ಕೂಗಿ ಬೆಳೆದ ದನಿ. ಬಾಗಿಲಿನವರೆಗೆ ಹೋಗಿದ್ದವರೂ ನಿಂತರು. "ನನ್ನದು ಉಳಿದಿದೆಯಲ್ಲ. ಕುಂಬಳ ಇದೆ. ಕೊಯ್ದು ತರ್ತೀನಿ. ನಿನ್ನೆಯಿಂದ ನನ್ನನ್ನ ಬೈದಿರಲ್ಲ, ಅದೇ ಬಾಯಲ್ಲಿ ತಿಂದು ಹೋಗಿ. ಒಬ್ಬರೂ ಬಿಡದೆ."

ಇದು ಪ್ರೀತಿಯ ಆಹ್ವಾನವೆಂದು ಯಾರಿಗೂ ಅನಿಸಲಿಲ್ಲ. ಅವಳೂ ಹಾಗೆ ಕರೆದಿರಲಿಲ್ಲ. ಪಾತಿಯಲ್ಲಿದ್ದದ್ದನ್ನೆಲ್ಲ, ಎಳೆಯದು ಬಲಿತದ್ದು ನೋಡದೆ ಕೊಯ್ದಳು. ಅಡುಗೆಮನೆಯಲ್ಲಿ ಕುಂಬಳಕ್ಕೆ ಚಾಕು ಇಳಿಸುವಾಗ ಯಾರದೋ ಕತ್ತು ಸಿಕ್ಕಿದಂತೆ ಇಳಿಸುತ್ತಿದ್ದಳು. ಸಹಾಯಕ್ಕೆ ಬಂದವರು ಬಾಗಿಲಲ್ಲೇ ಹಿಂಜರಿದರು. ಒಳಗೆ ಬಂದವಳು ಅತ್ತಿಗೆ. ಬಂದು, ಸೆರಗು ಸಿಕ್ಕಿಸಿಕೊಂಡು, ಇನ್ನೊಂದು ಚಾಕು ತೆಗೆದುಕೊಂಡಳು.

ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ನಿಂತು ಹೆಚ್ಚಿದರು.

"ನೀನು ನನ್ನ ಪರ ಮಾತಾಡಿದೆ ಅಂತ ನಾನೇನೂ ಕರಗಿಹೋಗಲ್ಲ," ಎಂದಳು ಜೈಲಮ್ಮ.

"ಕರಗು ಅಂತ ಯಾರು ಕೇಳಿದರು? ನಿಜ ಇತ್ತು, ಹೇಳಿದೆ."

"ಅವತ್ತೂ ಹಾಗೇ ನಿಜವಾಗಿ ನಡೀಬೇಕಿತ್ತು. ಸಂಜೆತನಕ ಕಾಯಬೇಕಿತ್ತು ನೀನು. ಅಮ್ಮನ ಮುಖ ನೋಡಲಿಲ್ಲ ನಾನು."

ಅತ್ತಿಗೆ ಚಾಕು ಕೆಳಗಿಟ್ಟಳು. "ನಾನು ಕಾದೆ. ಮಧ್ಯಾಹ್ನದತನಕ ಒದ್ದೆ ಬಟ್ಟೆ ಹೊದಿಸಿ ಹೊದಿಸಿ, ಬೀಸಣಿಗೆ ಬೀಸ್ತಾ ಕೂತಿದ್ದೆ. ಆ ಬೇಸಗೆ ನಿನಗೆ ನೆನಪಿದೆಯಾ? ಮೈ ಊದಿಕೊಳ್ಳೋಕೆ ಶುರುವಾಯ್ತು. ವಾಸನೆ ಬಂತು. ಅಮ್ಮ ಹಾಗಾಗೋದನ್ನ ನೋಡೋಕಾಗಲ್ಲ, ಎತ್ತಿಬಿಡಿ ಅಂದವರು ನಿಮ್ಮಣ್ಣ. ನಾನಲ್ಲ."

ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಜೈಲಮ್ಮ ಅದನ್ನೇ ನೋಡುತ್ತಿದ್ದಳು.

"ಅವನು ಯಾಕೆ ಹೇಳಲಿಲ್ಲ?"

"ಅವರು ಯಾವತ್ತು ಏನು ಹೇಳಿದ್ದಾರೆ?"

"ನೀನು ಯಾಕೆ ಹೇಳಲಿಲ್ಲ?"

"ಮಣ್ಣಿನ ಮುಂದೆ ನಿಂತು, ಪೀಡೆ ತೊಲಗಿತು ಅಂತ ಅವಸರಾನಾ ಅಂತ ನನ್ನನ್ನ ಕೇಳಿದೆ ನೀನು. ಆರು ತಿಂಗಳು ಅವಳ ಮಲಮೂತ್ರ ಎತ್ತಿದ ಕೈ ಇದು. ಅದಾದಮೇಲೆ ನಿನಗೆ ಸಮಜಾಯಿಷಿ ಕೊಡೋಕೆ ನನಗೇನು ಹುಚ್ಚಾ?"

ಜೈಲಮ್ಮ ಕುಂಬಳದ ಹೋಳುಗಳನ್ನು ಹಂಡೆಗೆ ಸುರಿದಳು. ಬಿಸಿನೀರು ಸಿಡಿದು ಕೈಗೆ ತಾಗಿತು, ಒರೆಸಿಕೊಳ್ಳಲಿಲ್ಲ. ಕ್ಷಮೆ ಕೇಳಬೇಕೆನಿಸಿತು. ಅಂಥ ಮಾತು ಹೊರಗೆ ತರುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ. ಅತ್ತಿಗೆ ಅದಕ್ಕಾಗಿ ಕಾದಂತೆಯೂ ಕಾಣಲಿಲ್ಲ.

"ಉಪ್ಪು ಹಾಕಿದ್ದೀಯಾ?" ಎಂದಳು ಅತ್ತಿಗೆ.

"ಇಲ್ಲ."

"ನಾನು ಹಾಕ್ತೀನಿ. ನೀನು ಮುಟ್ಟಬೇಡ."

ಅಂದು ಎಲ್ಲರೂ ತಿಂದರು. ತಲೆ ತಗ್ಗಿಸಿ, ಬಡಿಸುವವಳ ಕಣ್ಣು ತಪ್ಪಿಸಿ ತಿಂದರು. ಆಯಾಳ ಮಕ್ಕಳು ಮಾತ್ರ ಎರಡನೆಯ ಸಲ ತಟ್ಟೆ ಚಾಚಿದವು. ಜೈಲಮ್ಮ ಸೌಟು ತುಂಬ ಹಾಕಿದಳು. ಪಂಕ್ಚರ್ ಅಂಗಡಿಯವನು ಏನೋ ಹೇಳಲು ಹೊರಟ. "ಮುಂದೆ ನಡಿ," ಎಂದಳು ಅವಳು. ಅಣ್ಣ ತಟ್ಟೆ ಹಿಡಿದು ಸಾಲಿನ ಕೊನೆಗೆ ನಿಂತಿದ್ದ. ಅವನಿಗೂ ಬಡಿಸಿದಳು, ಮುಖ ನೋಡದೆ. ಹಾಳು ಮಾಡಿದ ಪಾತಿಗಳನ್ನೆಲ್ಲ ಅವನೇ ಅಗೆದು, ಅವನೇ ಗೊಬ್ಬರ ಹಾಕಿ, ಅವನೇ ಸಸಿ ನೆಡಬೇಕೆಂದು ಇಬ್ಬರು ಹೆಂಗಸರು ತೀರ್ಮಾನಿಸಿದರು. ಗಡಿಯಾರದ ಸೂಕ್ಷ್ಮಕ್ಕೆ ಪಳಗಿದ ಬೆರಳುಗಳಲ್ಲಿ ಬೊಬ್ಬೆ ಎದ್ದಿತು. ಅವನು ದೂರಲಿಲ್ಲ. ಅಷ್ಟು ದಿನಗಳಲ್ಲಿ ಅವನು ಮೊದಲ ಬಾರಿಗೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆಂದು ಅವನ ಹೆಂಡತಿ ಕಹಿಯಾಗಿ ಹೇಳಿದಳು.

ಜೈಲಮ್ಮ ಅಣ್ಣನೊಂದಿಗೆ ಮಾತು ಬಿಟ್ಟಳು. ಅತ್ತಿಗೆಯೊಂದಿಗೆ ಮಾತಾಡುತ್ತಿದ್ದಳು, ಮಾತು ಎಂದರೆ ಜಗಳ. ಈಗ ನಡುವೆ ಯಾರೂ ಇಲ್ಲದ್ದರಿಂದ ಮುಳ್ಳು ಮುರಿಯದೆ ನೇರ ಬಂದು ಚುಚ್ಚುತ್ತಿತ್ತು. ಅವರ ಗಲಾಟೆಗೆ ಪ್ರಾರ್ಥನೆಯ ಹೊತ್ತಿನಲ್ಲಿ ಪಾಸ್ಟರ್ ಹಿಂದಿನ ಕಿಟಕಿ ಮುಚ್ಚಿಸಬೇಕಾಗುತ್ತಿತ್ತು. ಅವರಿಬ್ಬರೂ ಗೆಳತಿಯರಾದರೆಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಅತ್ತಿಗೆಗೆ ಜ್ವರ ಬಂದು ಮಲಗಿದ ವಾರ ಜೈಲಮ್ಮ ಅವಳ ಪಾತಿಗೆ ನೀರು ಹಾಕಿದಳು. ಹಾಕಿದ್ದು ಸರಿಯಾಗಲಿಲ್ಲವೆಂದು ಅತ್ತಿಗೆ ಎದ್ದು ಬಂದು ಬೈದಳು.

ಕಾರ್ಯದರ್ಶಿ ಆ ಕೆಲಸ ಬಿಟ್ಟರು, ಚರ್ಚು ಬಿಡಲಿಲ್ಲ. ಕಾರನ್ನು ದೂರದ ಬೀದಿಯಲ್ಲಿ ನಿಲ್ಲಿಸಿ, ನಡೆದು ಬಂದು, ಮುಖ ಗಂಟಿಕ್ಕಿಕೊಂಡು ಊಟದ ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರ ತಟ್ಟೆಗೆ ಜೈಲಮ್ಮ ತಳಹಿಡಿದದ್ದನ್ನು ಹುಡುಕಿ ಹಾಕುತ್ತಿದ್ದಳು. ಹಾಲಿನ ಬೆಂಚು ಸಾಲದಾಗಿ ಹೊರಗೆ ಹಲಗೆ ಹಾಕಿದರು. ಈ ಬೀದಿಯವರು, ಆಚೆ ಬೀದಿಯವರು, ಪ್ರಾರ್ಥನೆಗೆ ಬರುವವರು, ಊಟಕ್ಕೆ ಮಾತ್ರ ಬರುವವರು, ಒಬ್ಬರ ಮೊಣಕೈ ಒಬ್ಬರಿಗೆ ತಾಗುವಂತೆ ಕೂರುತ್ತಿದ್ದರು. ಯಾರಾದರೂ ಒಬ್ಬರು ಎರಡು ವಾರ ಕಾಣಿಸದಿದ್ದರೆ ಯಾಕೆಂದು ನೋಡಿ ಬರಲು ಯಾರಾದರೂ ಹೋಗುತ್ತಿದ್ದರು. ಬೈಯಲು ಹೋದರೋ ವಿಚಾರಿಸಲು ಹೋದರೋ ಹೇಳುವುದು ಕಷ್ಟ, ಹೋಗುತ್ತಿದ್ದರು.

ಈ ಸಲ ಹುರುಳಿಕಾಯಿ ಗಿಡದ ಎಲೆಗೆಲ್ಲ ಹುಳ ಬಿದ್ದಿತ್ತು. ಬೂದಿ ಎರಚಬೇಕೆಂದು ಅತ್ತಿಗೆ, ಸೋಪಿನ ನೀರು ಹೊಡೆಯಬೇಕೆಂದು ಜೈಲಮ್ಮ. ಹಂಡೆಯ ಎರಡು ಬದಿಗೆ ನಿಂತು, ಸೌಟು ಕೈಯಲ್ಲಿ ಹಿಡಿದು, ಒಬ್ಬರ ಮಾತು ಒಬ್ಬರು ಮುಗಿಸಗೊಡದೆ ಕೂಗಾಡುತ್ತಿದ್ದರು. ತಟ್ಟೆ ಹಿಡಿದವರ ಸಾಲು ಗೇಟಿನವರೆಗೆ ಬೆಳೆದಿತ್ತು.

"ಮೊದಲು ಬಡಿಸ್ರಮ್ಮಾ, ಆಮೇಲೆ ಹೊಡೆದಾಡಿ!" ಎಂದು ಆಯಾ ಕೂಗಿದಳು.

"ನಿನ್ನ ಹೊಟ್ಟೆಗಿಷ್ಟು," ಎಂದು ಜೈಲಮ್ಮ ಅವಳ ಕೈಯಿಂದ ತಟ್ಟೆ ಕಿತ್ತುಕೊಂಡು, ತುಂಬಿಸಿ, ಕೈಗೆ ತುರುಕಿದಳು. ಮತ್ತೆ ಅತ್ತಿಗೆಯ ಕಡೆ ತಿರುಗಿದಳು.